ಬೋಳುಗುಡ್ಡದ ಐತಿಹ್ಯ ಮತ್ತು ವ್ಯವಹಾರ ವಿದ್ಯೆ: ಮಣಿಪಾಲದ ಪೈ ಮನೆತನವನ್ನು ಕುರಿತು

ವಿದ್ಯಾಸಂಸ್ಥೆಯೊಂದರ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಎರಡು ಬಗೆಯ ಆಕರಗಳು ದೊರೆಯುತ್ತವೆ. ಸಂಸ್ಥೆಯೇ ಹೊರತಂದ ಸ್ಮರಣ ಸಂಚಿಕೆಗಳು, ವರದಿಗಳು ಒಂದು ಬಗೆ. ಸುತ್ತಲಿನ ಜನರ ಬಾಯಲ್ಲಿ ಉಳಿದ ಸ್ಥಾಪಕರ ಕಥನಗಳು ಇನ್ನೊಂದು ಬಗೆ. ಮಣಿಪಾಲದ ಮಟ್ಟಿಗೆ ಈ ಎರಡೂ ಬಗೆಗಳು ಒಂದೇ ಐತಿಹ್ಯವನ್ನು ಹೇಳುತ್ತವೆ. ಅಲ್ಲೊಂದು ಬೋಳುಗುಡ್ಡವಿತ್ತು, ಅಲ್ಲಿಗೆ ಒಬ್ಬ ಮಹನೀಯರು ಬಂದರು, ಪುಡಿಗಾಸನ್ನು ಕೂಡಿಸಿ ಬ್ಯಾಂಕು ಕಟ್ಟಿದರು, ಬ್ಯಾಂಕಿನ ಬೆನ್ನಲ್ಲೇ ಕಾಲೇಜುಗಳನ್ನು ಕಟ್ಟಿದರು. ಈ ಐತಿಹ್ಯದ ಮೂರು ಆಶಯಗಳನ್ನು ದಾಖಲೆಗಳೊಡನೆ ಹೋಲಿಸಿ, ಅಲ್ಲಿನ ವ್ಯವಹಾರ ವಿದ್ಯಾಲಯದ ಹಿನ್ನೆಲೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಬೋಳುಗುಡ್ಡದ ಆಶಯ. ಮಣಿಪಾಲ ಎಂಬ ಹೆಸರು ತುಳುವಿನ 'ಮಣ್ಣು' ಮತ್ತು 'ಪಳ್ಳ' ಎಂಬ ಪದಗಳಿಂದ ಬಂದುದೆಂದು ಜನ ವಿವರಿಸುತ್ತಾರೆ. ಪಳ್ಳವೆಂದರೆ ಕೆರೆ. ಮಣ್ಣಪಳ್ಳವೆಂಬ ಆ ಕೆರೆ ಊರ ನಡುವೆ ಇಂದಿಗೂ ಇದೆ. ಕೆರೆಯ ಹೆಸರನ್ನೇ ಊರಿಗೆ ಇಟ್ಟುಕೊಂಡವರಿಗೆ ಆ ಸ್ಥಳ ಬರಿದಾಗಿರಲಿಲ್ಲ. ನೀರಿಗೂ ಮಣ್ಣಿಗೂ ಅವರು ಅದನ್ನು ಬಲ್ಲವರಾಗಿದ್ದರು. ಸ್ಥಳನಾಮವು ಉಳಿಸಿಕೊಂಡ ಈ ನೆನಪನ್ನು ಬೋಳುಗುಡ್ಡದ ಕಥನ ಮರೆಸುತ್ತದೆ. ಸ್ಥಾಪಕರ ಐತಿಹ್ಯಗಳಲ್ಲಿ ಇದು ಸಾಮಾನ್ಯ. ಸ್ಥಾಪನೆ ದೊಡ್ಡದಾಗಿ ಕಾಣಬೇಕಾದರೆ ಅದರ ಹಿಂದಿನದು ಶೂನ್ಯವಾಗಿ ಕಾಣಬೇಕಾಗುತ್ತದೆ.

ಎರಡನೆಯದು ಏಕೈಕ ಪುರುಷನ ಆಶಯ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪನೆಯಾದಾಗ ಅದರ ಹಿಂದೆ ಮೂವರಿದ್ದರು: ವ್ಯಾಪಾರಸ್ಥರಾದ ಉಪೇಂದ್ರ ಅನಂತ ಪೈ, ಎಂಜಿನಿಯರರಾದ ವಾಮನ ಶ್ರೀನಿವಾಸ ಕುಡ್ವ ಹಾಗೂ ವೈದ್ಯರಾದ ಡಾ. ಟಿ.ಎಂ.ಎ. ಪೈ. ಉಪೇಂದ್ರ ಪೈ ಅವರು ಡಾ. ಪೈ ಅವರ ಅಣ್ಣ. ಅಂದು ಸಂಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಬ್ಯಾಂಕಿನ ಆರಂಭದ ಉದ್ದೇಶಗಳಲ್ಲಿ ಒಂದಾಗಿತ್ತು. ಮುಂದೆ ವಿದ್ಯಾಕ್ಷೇತ್ರದಲ್ಲಿ ಡಾ. ಪೈ ಅವರ ಹೆಸರು ಬೆಳೆದಂತೆ ಉಳಿದಿಬ್ಬರ ಪಾತ್ರ ಜನಕಥನದ ಅಂಚಿಗೆ ಸರಿಯಿತು. 1942ರ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇವು ಡಾ. ಪೈ ಅವರ ಕರ್ತೃತ್ವಕ್ಕೆ ಸಾಕ್ಷಿಯಾಗಿವೆ.

ಮೂರನೆಯದು ಪುಡಿಗಾಸಿನ ಆಶಯ. ಇದಕ್ಕೆ ಗಟ್ಟಿಯಾದ ಆಧಾರವಿದೆ. 1928ರಲ್ಲಿ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬ್ಯಾಂಕಿನ ಪರವಾಗಿ ಒಬ್ಬರು ಮನೆಬಾಗಿಲಿಗೆ, ಅಂಗಡಿಯ ಮುಂದಕ್ಕೆ ಬಂದು ಪಡೆಯುತ್ತಿದ್ದರು. ಮೂವತ್ತು ದಿನಗಳಿಗೆ ಇದು ಮೂರು ರೂಪಾಯಿ ಹನ್ನೆರಡಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಬಳಿಗೆ ಬ್ಯಾಂಕೇ ನಡೆದು ಹೋದದ್ದು ಈ ಯೋಜನೆಯ ಮರ್ಮ. ಆದರೆ ಹಾಗೆ ನಡೆದವರು ಐತಿಹ್ಯದಲ್ಲಿ ಹೆಸರಿಲ್ಲದವರು. ಕಮಿಷನ್ ಆಧಾರದಲ್ಲಿ ದುಡಿದ ಈ ಸಂಗ್ರಾಹಕರು ತಾವೂ ಕಾರ್ಮಿಕರೆಂದು ಸಾಧಿಸಲು ಸುಪ್ರೀಂ ಕೋರ್ಟಿನವರೆಗೂ ವ್ಯಾಜ್ಯ ನಡೆಯಬೇಕಾಯಿತು. ಅವರು ಕಾರ್ಮಿಕರೇ ಎಂಬ ತೀರ್ಪು ಬಂದದ್ದು 2001ರಲ್ಲಿ.

ವ್ಯವಹಾರ ವಿದ್ಯಾಲಯದ ಹುಟ್ಟನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಉಪೇಂದ್ರ ಪೈ ಅವರ ಮಗ ಟಿ.ಎ. ಪೈ (1922–1981) ಅವರಿಗೆ ವ್ಯವಹಾರ ವಿದ್ಯೆಯ ಪಾಠಶಾಲೆ ಮನೆತನದ ಬ್ಯಾಂಕೇ ಆಗಿತ್ತು. 1965ರಲ್ಲಿ ಅವರು ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ಮುಂದೆ ಟಿ.ಎ. ಪೈ ಕೇಂದ್ರದಲ್ಲಿ ರೈಲ್ವೆ ಸಚಿವರಾದರು. ಬೆಂಗಳೂರಿನಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆಯ ಪೂರ್ವಸಿದ್ಧತೆಗಾಗಿ ರಚಿತವಾದ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. 1973ರಲ್ಲಿ ಉದ್ಘಾಟನೆಗೊಂಡ ಆ ಸಂಸ್ಥೆ ಇಂದು ಜೆ.ಪಿ. ನಗರದ ಪೂರ್ವದ ಅಂಚಿನಲ್ಲಿ ಸಾಗುವ ಬನ್ನೇರುಘಟ್ಟ ರಸ್ತೆಯಲ್ಲಿದೆ. ರಾಜಧಾನಿಯಲ್ಲಿ ಸರ್ಕಾರದ ಹಣದಿಂದ ಆದದ್ದನ್ನು ಸಣ್ಣ ಊರಿನಲ್ಲೂ ಆಗಿಸಬಹುದೆಂಬಂತೆ 1980ರಲ್ಲಿ ಮಣಿಪಾಲದಲ್ಲಿ ಅವರು ನಿರ್ವಹಣಾ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಮರುವರ್ಷವೇ ಅವರು ತೀರಿಕೊಂಡರು. ಸಂಸ್ಥೆ ಇಂದು ಅವರ ಹೆಸರನ್ನೇ ಹೊತ್ತಿದೆ. ಬ್ಯಾಂಕು ಮನೆತನದ ಕೈಬಿಟ್ಟ ಮೇಲೆ ವ್ಯವಹಾರದ ಅರಿವನ್ನು ಮುಂದಿನ ತಲೆಮಾರಿಗೆ ದಾಟಿಸುವ ಹೊಣೆ ವಿದ್ಯಾಲಯದ ಪಾಲಿಗೆ ಬಂದಿತೆಂದು ಈ ಅನುಕ್ರಮವನ್ನು ಅರ್ಥೈಸಬಹುದು.

ಆದರೆ ಬ್ಯಾಂಕಿನ ಬಾಗಿಲು ಮತ್ತು ಖಾಸಗಿ ಕಾಲೇಜಿನ ಬಾಗಿಲು ಒಂದೇ ಬಗೆಯವಲ್ಲ. ಪಿಗ್ಮಿಗೆ ಕೊಟ್ಟ ಎರಡಾಣೆ ಕೊಟ್ಟವನಿಗೇ ಹಿಂದಿರುಗುತ್ತಿತ್ತು. ಶುಲ್ಕವಾಗಿ ಕೊಟ್ಟದ್ದು ಹಿಂದಿರುಗುವುದಿಲ್ಲ. ಅದನ್ನು ಕೊಡಲಾರದವನು ಒಳಗೆ ಬರಲಾರ. ಕರ್ನಾಟಕವು 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ತಂದದ್ದು ಖಾಸಗಿ ಶಿಕ್ಷಣದ ಈ ಬಿಕ್ಕಟ್ಟಿನಿಂದಲೇ. ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನಲ್ಲೇ ಪ್ರಸಿದ್ಧವಾದ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. ಖಾಸಗಿಯವರಿಗೆ ವಿದ್ಯಾಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕಿದೆ, ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿತವಾದ ಉಳಿತಾಯಕ್ಕೂ ಅವಕಾಶವಿದೆ, ಲಾಭಕೋರತನಕ್ಕೆ ಇಲ್ಲ ಎಂಬುದು ಅದರ ಸಾರ. ಸೇವೆಗೂ ವ್ಯವಹಾರಕ್ಕೂ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಪ್ರಶ್ನೆಯನ್ನು ಮನೆತನದ ಐತಿಹ್ಯ ಕೇಳಿಕೊಂಡಿಲ್ಲ. ನ್ಯಾಯಾಲಯದ ದಾಖಲೆ ಕೇಳಿದೆ.

ಹೀಗಾಗಿ ಮಣಿಪಾಲದ ಚರಿತ್ರೆಯನ್ನು ಸ್ಥಾಪಕರ ಸ್ತುತಿಯಾಗಿಯಾಗಲಿ, ಶುಲ್ಕದ ಕಥೆಯಾಗಿ ಮಾತ್ರವಾಗಲಿ ಬರೆದರೆ ಅದು ಅಪೂರ್ಣ. ಸಂಗ್ರಾಹಕರ, ಠೇವಣಿದಾರರ, ವಿದ್ಯಾರ್ಥಿಗಳ ಮೌಖಿಕ ಕಥನಗಳು ಅದಕ್ಕೆ ಸೇರಬೇಕು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವನ್ನು ಪ್ರೊ. ಕು.ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದರು. ಮೌಖಿಕ ಪರಂಪರೆಯ ದಾಖಲೀಕರಣದಲ್ಲಿ ಪಳಗಿದ ಈ ನೆಲದಲ್ಲಿ ಅಂಥ ಕೆಲಸ ಕಷ್ಟವಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಅದರ ಹೆಸರೂ ಫಲಕಗಳಿಂದ ಅಳಿಸಿದೆ. ಚೀಲ ಹಿಡಿದು ಮನೆಮನೆಗೆ ನಡೆದ ಹಿರಿಯ ಸಂಗ್ರಾಹಕರ ಮಾತುಗಳನ್ನು ಅವರಿರುವಾಗಲೇ ದಾಖಲಿಸುವುದು ಜಾನಪದ ಸಂಶೋಧಕರ ತುರ್ತು ಕರ್ತವ್ಯವಾಗಿದೆ.