ಟ್ರಾನ್ಸಿಸ್ಟರಿನ ಕಾರ್ಯಸ್ಥಿತಿಗಳು

ಬೈಪೋಲಾರ್ ಟ್ರಾನ್ಸಿಸ್ಟರ್ ನಾಲ್ಕು ಸ್ಥಿತಿಗಳಲ್ಲಿ ಕೆಲಸ ಮಾಡಬಲ್ಲದು. ಬೇಸ್-ಎಮಿಟರ್, ಬೇಸ್-ಕಲೆಕ್ಟರ್ ಸಂಧಿಗಳೆರಡೂ ರಿವರ್ಸ್ ಬಯಾಸ್‌ನಲ್ಲಿದ್ದರೆ ಕಟ್‌ಆಫ್, ಎರಡೂ ಫಾರ್ವರ್ಡ್ ಆದರೆ ಸ್ಯಾಚುರೇಶನ್, ಮೊದಲನೆಯದು ಮಾತ್ರ ಫಾರ್ವರ್ಡ್ ಆದರೆ ಸಕ್ರಿಯ ಸ್ಥಿತಿ. ಎರಡನೆಯದು ಮಾತ್ರ ಫಾರ್ವರ್ಡ್ ಆಗುವ ನಾಲ್ಕನೆಯದರಲ್ಲಿ ವರ್ಧನೆ ತೀರ ಕಡಿಮೆ; ಅದನ್ನು ಬಳಸುವವರು ವಿರಳ. ಪಠ್ಯಪುಸ್ತಕಗಳು ಸಕ್ರಿಯ ಸ್ಥಿತಿಗೇ ಮಣೆ ಹಾಕುವುದರಿಂದ ವರ್ಧನೆಯೇ ಟ್ರಾನ್ಸಿಸ್ಟರಿನ ಹುಟ್ಟುಗುಣ ಎಂಬ ಭಾವನೆ ಬೇರೂರಿದೆ. ವಾಸ್ತವದಲ್ಲಿ ಸ್ಥಿತಿಯನ್ನು ನಿರ್ಧರಿಸುವುದು ಸುತ್ತಲಿನ ಸರ್ಕ್ಯೂಟ್. 12 ವೋಲ್ಟ್ ಸರಬರಾಜು, ಕಲೆಕ್ಟರಿಗೆ 1 ಕಿಲೋಓಮ್ ರೆಸಿಸ್ಟರ್, ಕರೆಂಟ್ ಗೇನ್ 100 ಎಂದಿಟ್ಟುಕೊಳ್ಳೋಣ. ಬೇಸಿಗೆ 0.05 ಮಿಲಿಆಂಪಿಯರ್ ಕೊಟ್ಟರೆ ಕಲೆಕ್ಟರಿನಲ್ಲಿ 5 ಮಿಲಿಆಂಪಿಯರ್ ಹರಿದು, ಟ್ರಾನ್ಸಿಸ್ಟರಿನ ಮೇಲೆ 7 ವೋಲ್ಟ್ ಉಳಿಯುತ್ತದೆ; ಇದು ಸಕ್ರಿಯ ಸ್ಥಿತಿ. ಬೇಸಿಗೆ 1 ಮಿಲಿಆಂಪಿಯರ್ ಕೊಟ್ಟರೆ ಲೆಕ್ಕದಂತೆ 100 ಬರಬೇಕು, ಆದರೆ ರೆಸಿಸ್ಟರ್ 12ರ ಮೇಲೆ ಬಿಡದು. ಟ್ರಾನ್ಸಿಸ್ಟರಿನ ಮೇಲೆ ಸುಮಾರು 0.2 ವೋಲ್ಟ್ ಮಾತ್ರ ಉಳಿದು ಅದು ಸ್ಯಾಚುರೇಶನ್‌ಗೆ ಹೋಗುತ್ತದೆ. ಕಲೆಕ್ಟರ್ ಕರೆಂಟಿನಿಂದ ಮೊದಲ ಸಂದರ್ಭದಲ್ಲಿ 35 ಮಿಲಿವ್ಯಾಟ್ ಶಾಖವಾದರೆ ಎರಡನೆಯದರಲ್ಲಿ ಎರಡೂವರೆಯೂ ಇಲ್ಲ.

ಈ ವ್ಯತ್ಯಾಸದ ಬೆಲೆ ತಿಳಿಯುವುದು ದೊಡ್ಡ ಪ್ರಮಾಣದಲ್ಲಿ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಆರಂಭವಾದ ನಮ್ಮ ಮೆಟ್ರೋ, ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಡಿ.ಸಿ. ಪಡೆಯುತ್ತದೆ. ಮೋಟಾರಿಗೆ ಬೇಕಿರುವುದು ಮೂರು ಫೇಸಿನ ಎ.ಸಿ. ಇನ್ವರ್ಟರಿನ ಐಜಿಬಿಟಿಗಳು, ಅಂದರೆ ಗೇಟಿನ ವೋಲ್ಟೇಜಿಗೆ ಮಣಿಯುವ ಟ್ರಾನ್ಸಿಸ್ಟರುಗಳು, ಡಿ.ಸಿ.ಯನ್ನು ಕತ್ತರಿಸಿ ಕತ್ತರಿಸಿ ಆ ಎ.ಸಿ.ಯನ್ನು ರೂಪಿಸುತ್ತವೆ. ಇಂಥ ರೈಲು ಹೊರಡುವಾಗ ಕೇಳುವ ಏರುದನಿಯ ಗುಂಯ್‌ಗುಡುವಿಕೆಗೆ ಈ ಕತ್ತರಿಸುವಿಕೆಯೇ ಕಾರಣ. ಒಂದು ಟ್ರಾನ್ಸಿಸ್ಟರ್ ಅರ್ಧ ವೋಲ್ಟೇಜನ್ನು ತಾನೇ ಹೊತ್ತು 100 ಆಂಪಿಯರ್ ಹರಿಸಿದರೆ 37,500 ವ್ಯಾಟ್ ಶಾಖ. ಪೂರ್ತಿ ತೆರೆದು 2 ವೋಲ್ಟ್ ಮಾತ್ರ ಉಳಿಸಿಕೊಂಡರೆ 200 ವ್ಯಾಟ್. ಮಧ್ಯದ ದಾರಿ, ಅಂದರೆ ಸಕ್ರಿಯ ಸ್ಥಿತಿ, ಇಲ್ಲಿ ಸುಟ್ಟುಹೋಗುವ ದಾರಿ.

ಹಾಗಾದರೆ ಸಕ್ರಿಯ ಸ್ಥಿತಿ ದಂಡವೇ ಎಂದು ಕೇಳಬಹುದು. ಅಲ್ಲ. ಮೈಕಿನಿಂದ ಬರುವ ಕ್ಷೀಣ ಸಂಕೇತವನ್ನು ಅದರ ಏರಿಳಿತ ಕೆಡದಂತೆ ಹಿಗ್ಗಿಸಲು ಅದೇ ಬೇಕು, ಮಿಲಿವ್ಯಾಟ್‌ಗಳ ನಷ್ಟ ಅಲ್ಲಿ ಯಾರಿಗೂ ಭಾರವಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಆಫ್‌ನಿಂದ ಆನ್‌ಗೆ ಹೋಗುವ ಪ್ರತಿ ಸ್ವಿಚ್ಚೂ ಮಧ್ಯವನ್ನು ದಾಟಲೇಬೇಕು. ನಿಜ, ಅದಕ್ಕೇ ಸ್ವಿಚಿಂಗ್ ಆವರ್ತನ ಹೆಚ್ಚಿದಷ್ಟೂ ಶಾಖವೂ ಹೆಚ್ಚುತ್ತದೆ. ಸ್ಯಾಚುರೇಶನ್‌ನಲ್ಲಿ ಒಳಗೆ ತುಂಬಿಕೊಂಡ ವಿದ್ಯುದಾವೇಶ ಖಾಲಿಯಾಗಲು ಸಮಯ ಬೇಕು. ಐಜಿಬಿಟಿಯಲ್ಲಿ ಗೇಟ್ ಮುಚ್ಚಿದ ಮೇಲೂ ಕರೆಂಟಿನ ಬಾಲವೊಂದು ಕ್ಷಣಕಾಲ ಹರಿಯುತ್ತದೆ. ಸಣ್ಣ ಚಾರ್ಜರುಗಳಲ್ಲಿರುವ, ಈ ಬಾಲವಿಲ್ಲದ ಇನ್ನೊಂದು ಬಗೆಯ ಟ್ರಾನ್ಸಿಸ್ಟರುಗಳಾದ ಮಾಸ್‌ಫೆಟ್‌ಗಳು ಲಕ್ಷ ಹರ್ಟ್ಸ್‌ವರೆಗೂ ಓಡಬಲ್ಲವಾದರೆ ರೈಲಿನ ಇನ್ವರ್ಟರುಗಳು ಸಾಮಾನ್ಯವಾಗಿ ಕೆಲವೇ ಸಾವಿರ ಹರ್ಟ್ಸ್‌ನೊಳಗೆ ನಿಲ್ಲುವುದಕ್ಕೆ ಈ ಬಾಲವೂ ಒಂದು ಮುಖ್ಯ ಕಾರಣ.