ಕನ್ಹೇರಿಯಿಂದ ನಾಣೇಘಾಟಿಗೆ: ಸೈಕಲ್ ದಾರಿಯಲ್ಲಿ ಕಂಡ ಚರಿತ್ರೆ

ಮುಂಬಯಿಯಲ್ಲಿ ನೆಲೆಸಿದ ನಮ್ಮವರಿಗೆ ಈ ಊರಿನ ನಕ್ಷೆಯೆಂದರೆ ರೈಲಿನ ನಕ್ಷೆ. ಬೋರಿವಲಿ, ವಸಾಯಿ, ನಾಲಾಸೋಪಾರಾ, ಕಲ್ಯಾಣ, ಅಂಬರನಾಥ ಇವೆಲ್ಲ ನಮಗೆ ಸ್ಟೇಷನ್ನುಗಳ ಹೆಸರು. ಅಲ್ಲಿ ಮನೆ ಬಾಡಿಗೆ ಎಷ್ಟು, ಫಾಸ್ಟ್ ಲೋಕಲ್ ನಿಲ್ಲುತ್ತದೆಯೇ, ಬೆಳಗಿನ ಗಾಡಿಯಲ್ಲಿ ಕಾಲಿಡಲು ಜಾಗ ಸಿಗುತ್ತದೆಯೇ ಎಂಬಷ್ಟರಲ್ಲಿ ನಮ್ಮ ವಿಚಾರಣೆ ಮುಗಿಯುತ್ತದೆ. ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಬಾದಾಮಿಗೆ, ಹಂಪೆಗೆ, ಬೇಲೂರಿಗೆ ಓಡುತ್ತದೆ. ಮಕ್ಕಳಿಗೆ ರಜೆ ಬಂದಾಗ ಊರಿಗೆ ಹೋಗಿ ಅದನ್ನು ತೋರಿಸಿ ಬರುತ್ತೇವೆ. ಇಲ್ಲಿರುವುದು ಹೊಟ್ಟೆಪಾಡು, ಅಲ್ಲಿರುವುದು ಇತಿಹಾಸ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿದೆ.

ಆದರೆ ಇದೇ ಸ್ಟೇಷನ್ನುಗಳ ಹೆಸರುಗಳನ್ನು ರೈಲಿನ ಹಳಿ ಬಿಟ್ಟು ರಸ್ತೆಯ ಮೇಲೆ ಪೋಣಿಸಿ ನೋಡಿದರೆ ಎರಡು ಸಾವಿರ ವರ್ಷ ಹಳೆಯದಾದ ದಾರಿಯೊಂದು ಎದ್ದು ನಿಲ್ಲುತ್ತದೆ. ಸೋಪಾರಾ ಮತ್ತು ಕಲ್ಯಾಣದ ಬಂದರುಗಳಲ್ಲಿ ಇಳಿದ ಸರಕು ನಾಣೇಘಾಟಿ ಹತ್ತಿ ಜುನ್ನರಕ್ಕೂ, ಮುಂದೆ ಪೈಠಣ, ತೇರ್ ಪಟ್ಟಣಗಳಿಗೂ ಸಾಗುತ್ತಿದ್ದ ದಾರಿ ಅದು. ಈ ದಾರಿಯ ನೆಲೆಗಳನ್ನು ನಾವು ನಾಲ್ಕು ರವಿವಾರಗಳಲ್ಲಿ ಹಂತ ಹಂತವಾಗಿ ಸೈಕಲ್ ಮೇಲೆ ನೋಡಿಬಂದೆವು. ಕಂಡದ್ದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಸೈಕಲ್ಲೇ ಏಕೆ ಎಂದು ಕೇಳಬಹುದು. ಇಟಲಿಯ ಟಸ್ಕನಿ ಪ್ರಾಂತದಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಬಿಳಿ ಜಲ್ಲಿಯ ಹಳೆಯ ರಸ್ತೆಗಳಿವೆ. ಅವೆಲ್ಲ ಡಾಂಬರಿನಡಿ ಮುಚ್ಚಿಹೋಗುವ ಕಾಲ ಬಂದಾಗ, 1997ರಲ್ಲಿ, ಗಾಯೋಲೆ ಎಂಬ ಊರಿನಲ್ಲಿ ಕೆಲವರು ಸೇರಿ ಹಳೆಯ ಸೈಕಲ್ಲುಗಳನ್ನೇರಿ ಆ ರಸ್ತೆಗಳ ಮೇಲೆ ಹೊರಟರು. ಮೊದಲ ವರ್ಷ ಬಂದವರು ನೂರು ಮಂದಿಯೂ ಇರಲಿಲ್ಲ. ‘ಲೆರೋಯಿಕಾ’ ಎಂಬ ಆ ಸವಾರಿಗೆ ಈಗ ಸಾವಿರಾರು ಜನ ಸೇರುತ್ತಾರೆ. ಜಲ್ಲಿ ರಸ್ತೆಗಳನ್ನು ಕಾಪಾಡಬೇಕೆಂಬ ಅರಿವು ಅದರಿಂದ ಬೆಳೆಯಿತು. ಬಳಸುವವರಿದ್ದರೆ ದಾರಿ ಉಳಿಯುತ್ತದೆ ಎಂಬುದೇ ಅದರ ಪಾಠ.

ನಮ್ಮ ಮುಂಬಯಿಗೂ ಸೈಕಲ್ಲಿನ ದೊಡ್ಡ ಪರಂಪರೆಯಿದೆ. 1923ರ ಅಕ್ಟೋಬರಿನಲ್ಲಿ ಆರು ಮಂದಿ ಪಾರ್ಸಿ ತರುಣರು ಇಲ್ಲಿಂದ ಸೈಕಲ್ಲೇರಿ ಪ್ರಪಂಚ ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮಗಾರಾ ಈ ಮೂವರು ಸಂಕಲ್ಪ ಪೂರೈಸಿ 1928ರ ಮಾರ್ಚಿನಲ್ಲಿ ಹಿಂತಿರುಗಿದರು. ಇನ್ನು ನಮ್ಮವರ ಮಾತು. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿಂದಿನ ತಲೆಮಾರಿನವರಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಹಿಡಿದು ಈ ನಗರದ ಗಲ್ಲಿಗಳನ್ನು ಪರಿಚಯ ಮಾಡಿಕೊಂಡವರು ಎಷ್ಟು ಮಂದಿ! ಕಾರಿನಲ್ಲಿ ಹೋದವನಿಗೆ ಊರು ತಪ್ಪಿಹೋಗುತ್ತದೆ, ನಡೆದು ಹೋದವನಿಗೆ ಮುಂದಿನ ಊರು ಸಿಗುವುದಿಲ್ಲ. ಸೈಕಲ್ ಇವೆರಡರ ನಡುವಣ ನ್ಯಾಯವಾದ ವೇಗ.

ಮೊದಲ ಹಂತ ಬೋರಿವಲಿ. ಪಶ್ಚಿಮಕ್ಕೆ ಏಕಸರ್ ಎಂಬಲ್ಲಿ ಮನೆಗಳ ನಡುವೆ ವೀರಗಲ್ಲುಗಳು ನಿಂತಿವೆ. ವೀರಗಲ್ಲು ಎಂದರೆ ಏನೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸ್ವರ್ಗಯಾತ್ರೆ, ಮೇಲೆ ಶಿವಸನ್ನಿಧಿ. ಆದರೆ ಏಕಸರದ ಕಲ್ಲುಗಳಲ್ಲಿ ಒಂದು ವಿಶೇಷವಿದೆ. ಕೆಲವು ಕಲ್ಲುಗಳಲ್ಲಿ ಕಾಳಗ ನಡೆದಿರುವುದು ಸಮುದ್ರದ ಮೇಲೆ. ಹುಟ್ಟುಗಳು ಸಾಲಾಗಿ ಚಾಚಿದ ಹಡಗುಗಳು ಒಂದರ ಹಿಂದೊಂದು ನುಗ್ಗುತ್ತವೆ. ನಮ್ಮ ಮಲೆನಾಡು, ಬಯಲುಸೀಮೆಗಳಲ್ಲಿ ತುರು ಕಾಯಲು ಸತ್ತವನಿಗೆ ಕಲ್ಲು ನಿಲ್ಲಿಸಿದರೆ, ಈ ಕೊಂಕಣದಲ್ಲಿ ಕಡಲಿನಲ್ಲಿ ಮಡಿದವನಿಗೆ ನಿಲ್ಲಿಸಿದ್ದಾರೆ. ಇಂದಿಗೂ ಸ್ಥಳದ ಜನ ಇವುಗಳಿಗೆ ಹೂವೇರಿಸುತ್ತಾರೆ.

ಅಲ್ಲಿಂದ ಪೂರ್ವಕ್ಕೆ ರೈಲು ದಾಟಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ಹೊಕ್ಕರೆ ಕಾಡಿನ ಏರುದಾರಿ ಕನ್ಹೇರಿ ಗುಹೆಗಳಿಗೆ ಒಯ್ಯುತ್ತದೆ. ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು, ಹೆಚ್ಚಿನವಕ್ಕೆ ಮಳೆನೀರಿನ ತೊಟ್ಟಿ. ಬೌದ್ಧ ಭಿಕ್ಷುಗಳು ಇಲ್ಲಿ ಸುಮಾರು ಸಾವಿರ ವರ್ಷ ಬಾಳಿದರು. ಕಲ್ಯಾಣದ ವರ್ತಕರೂ ಸೋಪಾರಾದ ವರ್ತಕರೂ ಕೊಟ್ಟ ದಾನಗಳು ಗೋಡೆಗಳ ಮೇಲೆ ಬರೆಯಲ್ಪಟ್ಟಿವೆ.

ಈ ಬರವಣಿಗೆಗಳಲ್ಲಿ ಮೂರು ಶಾಸನಗಳು ನಮ್ಮನ್ನು ತಡೆದು ನಿಲ್ಲಿಸಬೇಕು. ಅವು 9ನೆಯ ಶತಮಾನದವು. ಅವುಗಳಲ್ಲೊಂದರ ಕಾಲ ಶಕ 799, ಅಂದರೆ ಕ್ರಿ.ಶ. 877. ಕೊಂಕಣವನ್ನಾಳುತ್ತಿದ್ದ ಶಿಲಾಹಾರ ಸಾಮಂತರ ಹೆಸರು ಅಲ್ಲಿದೆ. ಅವರ ಮೇಲಣ ಚಕ್ರವರ್ತಿಯಾಗಿ ಅಮೋಘವರ್ಷನ ಹೆಸರಿದೆ. ಮಾನ್ಯಖೇಟದ ಅಮೋಘವರ್ಷ ನೃಪತುಂಗ! ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕುಳಿತು ಆಳಿದವನು. ಅವನ ಆಸ್ಥಾನದಲ್ಲೇ ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿತು. ಕನ್ನಡದಲ್ಲಿ ನಮಗೆ ದೊರೆತ ಮೊದಲ ಗ್ರಂಥ ರಚಿತವಾದ ಕಾಲದಲ್ಲೇ, ಅದೇ ಅರಸನ ಹೆಸರನ್ನು ಬೋರಿವಲಿಯ ಬಂಡೆಯ ಮೇಲೆ ಕೊರೆಯಲಾಯಿತು. ಲೋಕಲ್ ಗಾಡಿಯಲ್ಲಿ ದಿನವೂ ಆ ಬೆಟ್ಟದ ಬದಿಯಿಂದ ಹಾದುಹೋಗುವ ನಮ್ಮಲ್ಲಿ ಇದನ್ನು ಬಲ್ಲವರೆಷ್ಟು ಮಂದಿ?

ಹಾಗೆಂದು ‘ಇದು ನಮ್ಮದು’ ಎಂದು ಎದೆ ತಟ್ಟಿಕೊಳ್ಳುವುದು ತರವಲ್ಲ. ಈ ಶಾಸನಗಳ ಭಾಷೆ ಸಂಸ್ಕೃತ. ದಾನ ಕೊಟ್ಟವರಲ್ಲೊಬ್ಬ ದೂರದ ಗೌಡದೇಶ, ಅಂದರೆ ಬಂಗಾಳದಿಂದ ಬಂದವನು. ಅರಸ ಕರ್ನಾಟಕದವನು, ದಾನಿ ಬಂಗಾಳದವನು, ದಾನ ಪಡೆದವರು ಎಲ್ಲೆಲ್ಲಿಂದಲೋ ಬಂದ ಭಿಕ್ಷುಗಳು. ಒಂದು ದಾನದಲ್ಲಿ ಪುಸ್ತಕಗಳಿಗೆಂದೇ ಸ್ವಲ್ಪ ಹಣ ಮೀಸಲಾಗಿತ್ತೆಂಬುದು ಪುಸ್ತಕಭಂಡಾರ ನಡೆಸುವ ಸಂಘಗಳವರು ಗಮನಿಸತಕ್ಕ ಮಾತು. ಸಾವಿರದ ನೂರು ವರ್ಷಗಳ ಹಿಂದೆಯೇ ಈ ನೆಲ ಹೊರಗಿನಿಂದ ಬಂದವರು ಕೂಡಿ ಬಾಳಿದ ನೆಲವಾಗಿತ್ತು.

ಎರಡನೆಯ ಹಂತಕ್ಕೆ ಭಾಯಂದರಿನ ಬಳಿ ಖಾಡಿ ದಾಟಬೇಕು. 2024ರಲ್ಲಿ ಇಲ್ಲಿಂದ ವಸಾಯಿಗೆ ವಾಹನ ಒಯ್ಯುವ ರೋ-ರೋ ದೋಣಿ ಪ್ರಾರಂಭವಾದುದರಿಂದ ಸೈಕಲ್ ಸವಾರರಿಗೆ ದೊಡ್ಡ ಅನುಕೂಲವಾಯಿತು. ದೋಣಿಯಿಂದ ಇಳಿದರೆ ವಸಾಯಿ ಕೋಟೆ. 1534ರಲ್ಲಿ ಪೋರ್ಚುಗೀಸರ ಕೈಸೇರಿದ ವಸಾಯಿಯನ್ನು 1739ರಲ್ಲಿ ಚಿಮಾಜಿ ಅಪ್ಪಾ ಮರಾಠರಿಗೆ ಗೆದ್ದುಕೊಟ್ಟ. ಮಾಡು ಬಿದ್ದ ಇಗರ್ಜಿಗಳ ನಡುವೆ ಈಗ ಆಲದ ಬೇರುಗಳು ಇಳಿದಿವೆ.

ಅಲ್ಲಿಂದ ಉತ್ತರಕ್ಕೆ ಬಾಳೆ, ವೀಳ್ಯದೆಲೆ ತೋಟಗಳ ಬದಿಯ ಒಳದಾರಿಗಳನ್ನು ಹಿಡಿದರೆ ಸೋಪಾರಾ. ಊರವರು ‘ಬುರೂಡ ರಾಜನ ಕೋಟೆ’ ಎಂದು ಕರೆಯುತ್ತಿದ್ದ ದಿಬ್ಬವನ್ನು 1882ರಲ್ಲಿ ಪಂಡಿತ ಭಗವಾನಲಾಲ ಇಂದ್ರಜಿ ಅಗೆಸಿದಾಗ ಅದು ಬೌದ್ಧ ಸ್ತೂಪವೆಂದು ತಿಳಿಯಿತು. ಒಳಗೆ ಕಲ್ಲಿನ ಭರಣಿ, ಅದರೊಳಗೆ ಒಂದರಲ್ಲೊಂದು ಅಡಗಿದ ಕರಂಡಕಗಳು, ಸುತ್ತಲೂ ಕಂಚಿನ ಬುದ್ಧಮೂರ್ತಿಗಳು. ಇವು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪಾಲಿಗೆ ಬಂದವು. ಅದೇ ವರ್ಷ ಸೋಪಾರಾದಲ್ಲಿ ಅಶೋಕನ ಎಂಟನೆಯ ಶಿಲಾಶಾಸನದ ತುಂಡೂ ಸಿಕ್ಕಿತು. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ಸನ್ನತಿಗಳಲ್ಲಿ ಮಾತನಾಡಿದ ಅಶೋಕ ಇಲ್ಲಿಯೂ ಮಾತನಾಡಿದ್ದಾನೆ.

ಏನು ಮಾತನಾಡಿದ? ಎಂಟನೆಯ ಶಾಸನದ ವಿಷಯವೇ ಪ್ರವಾಸ! ಹಿಂದಿನ ಅರಸರು ವಿಹಾರಯಾತ್ರೆಗೆ ಹೋಗುತ್ತಿದ್ದರು. ಬೇಟೆ, ಮೋಜುಗಳೇ ಅದರ ಸಾರ. ಅಶೋಕ ಪಟ್ಟಕ್ಕೆ ಬಂದ ಹತ್ತು ವರ್ಷಗಳ ಮೇಲೆ ಬೋಧಿಯ ನೆಲೆಗೆ ಹೋದ. ಅಲ್ಲಿಂದಾಚೆಗೆ ಅವನದು ಧರ್ಮಯಾತ್ರೆಯಾಯಿತು. ಹಿರಿಯರನ್ನು ಕಾಣುವುದು, ದಾನ ಕೊಡುವುದು, ನಾಡಿನ ಜನರನ್ನು ಭೇಟಿಯಾಗಿ ಅವರೊಡನೆ ಮಾತನಾಡುವುದು ಅದರ ಲಕ್ಷಣ. ಸುತ್ತಾಡಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಬೇರೆ ಬೇಕೆ? ನಾವು ಊರಿಂದೂರಿಗೆ ಹೋಗಿ ಬರುವವರೇ. ಆದರೆ ನಾಡಿನ ಜನರ ಭೇಟಿ ನಮ್ಮ ಯಾತ್ರೆಯಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಬೇಕು.

ಮೂರನೆಯ ಹಂತ ಒಳನಾಡಿನದು. ವಿರಾರಿನ ಕಡೆಯಿಂದ ಹೆದ್ದಾರಿ ದಾಟಿ ಪೂರ್ವಕ್ಕೆ ತಿರುಗಿದರೆ ತಾನಸಾ ನದಿಯ ಬಯಲು. ವಸಾಯಿ ಗೆದ್ದರೆ ಗುಡಿ ಕಟ್ಟಿಸುವೆನೆಂದು ಚಿಮಾಜಿ ಅಪ್ಪಾ ಹರಕೆ ಹೊತ್ತ ವಜ್ರೇಶ್ವರಿ ಇಲ್ಲಿದ್ದಾಳೆ. ಸಮೀಪದಲ್ಲೇ ಗಣೇಶಪುರಿ. ಕಾಞಂಗಾಡಿನ ಕಡೆಯಿಂದ ಬಂದು ಇಲ್ಲಿ ನೆಲೆನಿಂತು 1961ರಲ್ಲಿ ಸಮಾಧಿಸ್ಥರಾದ ನಿತ್ಯಾನಂದ ಸ್ವಾಮಿಗಳ ಸನ್ನಿಧಿಗೆ ಮುಂಬಯಿಯ ಕನ್ನಡಿಗ, ತುಳುವ ಕುಟುಂಬಗಳಲ್ಲಿ ಹೋಗದವರು ವಿರಳ. ನಮ್ಮವರು ಬಸ್ಸಿನಲ್ಲಿ ಬಂದು ದರ್ಶನ ಪಡೆದು ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಹಿಂತಿರುಗುವ ಈ ಊರು ಸೋಪಾರಾ ಮತ್ತು ಕಲ್ಯಾಣ ಎಂಬ ಎರಡು ಪ್ರಾಚೀನ ಬಂದರುಗಳ ನಡುವಣ ನಾಡಿನಲ್ಲಿದೆ ಎಂಬುದು ಸೈಕಲ್ ತುಳಿದಾಗಲೇ ಮನವರಿಕೆಯಾಗುತ್ತದೆ.

ಭಿವಂಡಿಯ ಲಾರಿಗಳ ಧೂಳನ್ನು ಸಹಿಸಿ ಕಲ್ಯಾಣ ಸೇರಬೇಕು. ಗ್ರೀಕ್ ನಾವಿಕನೊಬ್ಬನು ಬರೆದ ‘ಪೆರಿಪ್ಲಸ್’ ಗ್ರಂಥದಲ್ಲಿ ಈ ಬಂದರಿನ ಹೆಸರಿದೆ. ಪೈಠಣದಿಂದಲೂ ತಗರದಿಂದಲೂ ಸರಕು ದಾರಿಯಿಲ್ಲದ ಕಾಡುಮೇಡಿನಲ್ಲಿ ಬಂಡಿಗಳ ಮೇಲೆ ಭರೂಚಿಗೆ ಬರುತ್ತಿತ್ತೆಂದು ಅವನು ಹೇಳುತ್ತಾನೆ. ತಗರವೆಂದರೆ ಈಗಿನ ಧಾರಾಶಿವ ಜಿಲ್ಲೆಯ ತೇರ್. ಕೊಂಕಣವನ್ನಾಳಿದ ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ಅವರ ಬಿರುದುಗಳಲ್ಲಿ ‘ಗಂಡ’ ಎಂಬ ನಮ್ಮ ಮಾತೂ ಸೇರಿದೆ. ಎಂದರೆ, ಘಟ್ಟದ ಮೇಲಿನ ಊರನ್ನು ಕಡಲತೀರದಲ್ಲಿ ಕುಳಿತು ನೆನೆಯುತ್ತಿದ್ದವರಲ್ಲಿ ನಾವೇ ಮೊದಲಿಗರಲ್ಲ. ಕಲ್ಯಾಣದ ಪಕ್ಕದ ಅಂಬರನಾಥದಲ್ಲಿ ಈ ವಂಶದವರ ಕಾಲದ ಶಿವಾಲಯವಿದೆ. ಅದರ ಶಾಸನದ ಕಾಲ ಶಕ 982, ಅಂದರೆ 1060.

ನಾಲ್ಕನೆಯ ಹಂತವೇ ಕಠಿಣ. ಕಲ್ಯಾಣದಿಂದ ಮುರಬಾಡ, ಟೋಕಾವಡೆ ದಾಟಿ ವೈಶಾಖರೆಗೆ ಬರುವಾಗ ಎದುರಿಗೆ ಸಹ್ಯಾದ್ರಿ ಗೋಡೆಯಂತೆ ನಿಲ್ಲುತ್ತದೆ. ದಾರಿಯಲ್ಲಿ ಒಂದು ಚಹಾದ ಅಂಗಡಿಯ ಮುಂದೆ ಕುಳಿತಿದ್ದ ಮುದುಕರೊಬ್ಬರು, ತಮ್ಮ ಅಜ್ಜ ಅಕ್ಕಿಯ ಮೂಟೆ ಹೊತ್ತು ನಾಣೇಘಾಟಿ ಹತ್ತಿ ಜುನ್ನರದ ಸಂತೆಗೆ ಹೋಗುತ್ತಿದ್ದುದನ್ನು ಹೇಳಿದರು. ನೀವು ಯಾವ ಊರಿನವರು ಎಂದು ಕೇಳಿದರು. ನಾವು ಮೂಲ್ಕಿ, ಕುಂದಾಪುರ, ಧಾರವಾಡ ಎಂದು ಬಗೆಬಗೆಯಾಗಿ ಉತ್ತರಿಸಿದಾಗ ನಕ್ಕು, “ಹಾಗಾದರೆ ನೀವೂ ಘಟ್ಟ ಇಳಿದು, ಕಡಲು ದಾಟಿ ಬಂದವರೇ” ಎಂದರು. ಅವರ ಮರಾಠಿಗೆ ನಮ್ಮ ಮರಾಠಿ ಸಾಕಾಯಿತು.

ವೈಶಾಖರೆಯಲ್ಲಿ ಸೈಕಲ್ ಬಿಟ್ಟು ಎರಡು ಮೂರು ಗಂಟೆ ಹತ್ತಬೇಕು. ದಾರಿಯ ಕಡಿದಾದ ಭಾಗಗಳಲ್ಲಿ ಕಲ್ಲುಗಳನ್ನು ಹಾಸಿ ಮೆಟ್ಟಿಲು ಮಾಡಿದ್ದಾರೆ, ಅಲ್ಲಲ್ಲಿ ನೀರಿನ ತೊಟ್ಟಿಗಳಿವೆ. ಮೇಲಿನ ಗುಹೆಯ ಗೋಡೆಗಳಲ್ಲಿ ಶಾತವಾಹನ ರಾಣಿ ನಾಗನಿಕೆಯ ಬ್ರಾಹ್ಮೀ ಶಾಸನ. ನಡೆಸಿದ ಯಜ್ಞಗಳು, ಕೊಟ್ಟ ಗೋವು, ಕುದುರೆ, ಹಣಗಳ ಲೆಕ್ಕ ಅದರಲ್ಲಿದೆ. ನಮ್ಮ ದೇಶದ ಅಂಕಿಗಳ ಅತಿ ಹಳೆಯ ರೂಪಗಳಲ್ಲಿ ಕೆಲವನ್ನು ಅಲ್ಲಿ ಕಾಣಬಹುದು. ಹಿಂದಿನ ಗೋಡೆಯಲ್ಲಿ ರಾಜಕುಟುಂಬದವರ ಮೂರ್ತಿಗಳಿದ್ದವು. ಈಗ ಮೂರ್ತಿಗಳು ಅಳಿದು ಹೆಸರುಗಳು ಮಾತ್ರ ಉಳಿದಿವೆ. ಘಟ್ಟದ ನೆತ್ತಿಯಲ್ಲಿ ದೊಡ್ಡದೊಂದು ಕಲ್ಲಿನ ಕೊಪ್ಪರಿಗೆಯಿದೆ. ಸುಂಕದ ನಾಣ್ಯ ಬೀಳುತ್ತಿದ್ದುದು ಅದರಲ್ಲೇ ಎಂದು ಜನ ಹೇಳುತ್ತಾರೆ. ಮರಾಠಿಯ ‘ನಾಣೆ’ ನಮ್ಮ ‘ನಾಣ್ಯ’ವೇ ಅಲ್ಲವೇ!

ಹೋಗಬಯಸುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಬೇಸಗೆಯಲ್ಲಿ ನೆತ್ತಿ ಸುಡುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಸಕಾಲ. ಬೋರಿವಲಿಯ ಉದ್ಯಾನಕ್ಕೆ ಸೋಮವಾರ ರಜೆ. ಪಂಪು, ಪಂಕ್ಚರಿನ ಸಾಮಾನು, ಎರಡು ಬಾಟಲಿ ನೀರು ಜೊತೆಗಿರಲಿ. ಮಕ್ಕಳಿಗೆ ಮೊದಲ ಹಂತವೇ ಸಾಕು. ಘಟ್ಟವನ್ನು ಬೆಳೆದವರು ಹತ್ತಲಿ.

ಸೋಪಾರಾದ ಸ್ತೂಪದ ಸುತ್ತ ವರ್ಷದಿಂದ ವರ್ಷಕ್ಕೆ ಮನೆಗಳು ಒತ್ತುತ್ತಿವೆ. ಏಕಸರದ ವೀರಗಲ್ಲುಗಳು ಗಾಳಿಮಳೆಗೆ ಸವೆಯುತ್ತಿವೆ. ಇವುಗಳನ್ನು ನೋಡಲು ಬರುವವರು ಹೆಚ್ಚಿದರೆ ಕಾಯುವವರೂ ಹೆಚ್ಚುವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿಯುವ ನಮ್ಮ ಮಕ್ಕಳಿಗೆ ಅಮೋಘವರ್ಷನೂ ಚಿಮಾಜಿ ಅಪ್ಪಾನೂ ಒಂದೇ ದಾರಿಯಲ್ಲಿ ಸಿಗುತ್ತಾರೆ. ಮುಂದಿನ ರವಿವಾರ ಬೋರಿವಲಿಯ ಗೇಟಿನ ಮುಂದೆ ನಾಲ್ಕು ಕನ್ನಡ ಮಕ್ಕಳ ಸೈಕಲ್ ಗಂಟೆ ಕೇಳಿಸಿದರೆ ನಮಗೆ ಅಷ್ಟೇ ಸಂತೋಷ.