ಕಡಲಿಲ್ಲದ ಊರಿನಲ್ಲಿ ಬೆಳೆದ ಕಡಲ ವಿಜ್ಞಾನ

ಮಾಗಡಿಯ ತಿಪ್ಪಸಂದ್ರದ ಖುಷ್ಕಿ ಹೊಲದಲ್ಲಿ ರಾಗಿ ಬಿತ್ತಿ, ಅಕ್ಕಡಿ ಸಾಲಿಗೆ ಅವರೆ ಹಾಕುವವರಿಗೂ ಈಗ ‘ಎಲ್ ನಿನೊ’ ಗೊತ್ತು. ಪೆಸಿಫಿಕ್ ಸಾಗರ ಕಾದರೆ ನಮಗೆ ಬರ ಕಟ್ಟಿಟ್ಟ ಬುತ್ತಿ ಎಂಬ ಮಾತು ಮುಂಗಾರಿಗೆ ಮುಂಚೆಯೇ ಟಿ.ವಿ.ಯಲ್ಲಿ ಶುರುವಾಗುತ್ತದೆ. ಪಕ್ಕದಲ್ಲೇ ಇರುವ ಹಿಂದೂ ಮಹಾಸಾಗರದ ಹೆಸರು ಅಲ್ಲಿ ಅಪರೂಪ. ಈ ಅರೆತಿಳಿವಳಿಕೆಯನ್ನು ತಿದ್ದಲು ಬೇಕಾದ ಕೆಲಸ ಬೆಂಗಳೂರಿನಲ್ಲೇ ನಡೆದಿದೆ ಎಂಬುದನ್ನು ನಾವು ಮರೆಯುತ್ತಿದ್ದೇವೆ.

ದೇಶದ ಕಡಲ ವಿಜ್ಞಾನದ ಆರಂಭದ ಘಟ್ಟ ಪರಿಚಿತವೇ: 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾನ, 1966ರಲ್ಲಿ ಎನ್. ಕೆ. ಪಣಿಕ್ಕರ್ ನೇತೃತ್ವದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ, 1981ರಲ್ಲಿ ಸಾಗರ ಅಭಿವೃದ್ಧಿ ಇಲಾಖೆ. ಆಗ ಹೆಚ್ಚಿನ ಗಮನ ಮೀನು, ಕಡಲಜೀವಿ, ತಳದ ಖನಿಜಗಳತ್ತ ಇತ್ತು. ಕಡಲಿಗೂ ಮೋಡಕ್ಕೂ ಇರುವ ನಂಟಿಗೆ ತಕ್ಕ ಆದ್ಯತೆ ಸಿಗಲಿಲ್ಲ.

ಆ ಕೊರತೆ ತುಂಬಿದವರಲ್ಲಿ ಸುಲೋಚನಾ ಗಾಡ್ಗೀಳ್ ಮುಖ್ಯರು. ಪುಣೆಯಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಗಲ್ಫ್ ಸ್ಟ್ರೀಮ್ ಪ್ರವಾಹದ ಅಂಕುಡೊಂಕಿನ ಬಗ್ಗೆ ಗಣಿತದ ದಾರಿಯಲ್ಲಿ ಸಂಶೋಧನೆ ಮಾಡಿದ ಅವರು 1973ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1982ರಲ್ಲಿ ಅಲ್ಲಿ ವಾಯುಮಂಡಲ ವಿಜ್ಞಾನ ಕೇಂದ್ರ ಆರಂಭವಾಯಿತು. ರೊದ್ದಂ ನರಸಿಂಹ ಅವರೊಂದಿಗೆ ಅದನ್ನು ಕಟ್ಟಿ ಬೆಳೆಸಿದವರಲ್ಲಿ ಗಾಡ್ಗೀಳ್ ಒಬ್ಬರು. ಮುಂದೆ ಆ ಕೇಂದ್ರದ ಹೆಸರಿಗೆ ಸಾಗರವೂ ಸೇರಿತು.

ಡಿ. ಆರ್. ಸಿಕ್ಕಾ ಅವರೊಂದಿಗೆ ಅವರು 1980ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ನಮ್ಮ ಕ್ಷೇತ್ರದ ಬುನಾದಿ. ಉಪಗ್ರಹ ಚಿತ್ರಗಳಲ್ಲಿ ದಿನದಿನದ ಮೋಡಪಟ್ಟಿಯನ್ನು ಗುರುತಿಸುತ್ತ ಹೋದಾಗ ಕಂಡದ್ದು ಇದು: ಮುಂಗಾರಿನಲ್ಲಿ ಒಂದು ಪಟ್ಟಿ ನೆಲದ ಮೇಲಿದ್ದರೆ, ಇನ್ನೊಂದು ಸಮಭಾಜಕದ ಬಳಿಯ ಕಡಲ ಮೇಲೆ ಮೂಡುತ್ತದೆ. ನೆಲದ ಪಟ್ಟಿ ಸೊರಗಿದಾಗ ಕಡಲಿನದು ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸರಿದು ಬಂದು ಮಳೆಗೆ ಮತ್ತೆ ಜೀವ ಕೊಡುತ್ತದೆ. 1984ರಲ್ಲಿ ಪಿ. ವಿ. ಜೋಸೆಫ್, ಎನ್. ವಿ. ಜೋಶಿ ಅವರೊಂದಿಗೆ ಇನ್ನೊಂದು ಸಂಗತಿ ತೋರಿಸಿದರು: ಕಡಲ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟದೆ ದೊಡ್ಡ ಮೋಡಸಮೂಹ ಕಟ್ಟುವುದು ವಿರಳ; ದಾಟಿದ ಮಾತ್ರಕ್ಕೆ ಕಟ್ಟಿಯೇ ತೀರುತ್ತದೆಂದೂ ಅಲ್ಲ.

ಲೆಕ್ಕಾಚಾರವಷ್ಟೇ ಸಾಲದು, ಕಡಲಿಗೇ ಇಳಿಯಬೇಕು ಎಂಬ ಹಟವೂ ಅವರಿಗಿತ್ತು. ಭಾರತೀಯ ಹವಾಮಾನ ಸಂಶೋಧನಾ ಕಾರ್ಯಕ್ರಮವನ್ನು ರೂಪಿಸಿ, ಹಲವು ಸಂಸ್ಥೆಗಳನ್ನು ಒಂದೇ ಮೇಜಿಗೆ ತಂದವರಲ್ಲಿ ಅವರಿದ್ದರು. 1999ರ ಬಂಗಾಳಕೊಲ್ಲಿ ಮುಂಗಾರು ಪ್ರಯೋಗದಲ್ಲಿ ಜಿ. ಎಸ್. ಭಟ್ ಮತ್ತು ಸಂಗಡಿಗರು ‘ಸಾಗರ ಕನ್ಯಾ’ ಹಡಗಿನಿಂದ ನೀರಿನ ಶಾಖವನ್ನೂ ಗಾಳಿಯ ತೇವವನ್ನೂ ಅಳೆದರು. ಒಳ್ಳೆಯ ಸಿದ್ಧಾಂತದಷ್ಟೇ ಅಗತ್ಯವಾದ ಕೆಲಸ ಅದು. ಪ್ರಶಸ್ತಿಗಳ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಸಿಗುವ ಜಾಗ ಕಡಿಮೆ.

1997ರಲ್ಲಿ ಎಲ್ ನಿನೊ ಬಹಳ ಪ್ರಬಲವಾಗಿತ್ತು. ಆದರೂ ದೇಶದ ಮುಂಗಾರು ಮಳೆ ವಾಡಿಕೆಯ ಶೇಕಡಾ 102ರಷ್ಟು ಆಯಿತು. 2002ರಲ್ಲಿ ಅದಕ್ಕಿಂತ ದುರ್ಬಲ. ಆದರೆ ಮಳೆ ಶೇಕಡಾ 81ಕ್ಕೆ ಕುಸಿಯಿತು. ಈ ಒಗಟಿಗೆ ಗಾಡ್ಗೀಳ್, ಪಿ. ಎನ್. ವಿನಯಚಂದ್ರನ್ ಮತ್ತಿತರರು 2004ರಲ್ಲಿ ಉತ್ತರ ಕೊಟ್ಟರು. ಸಮಭಾಜಕದ ಹಿಂದೂ ಮಹಾಸಾಗರದಲ್ಲಿ ಮೋಡ ಪಶ್ಚಿಮಕ್ಕೆ ವಾಲಿದರೆ ನಮಗೆ ಅನುಕೂಲ, ಪೂರ್ವಕ್ಕೆ ವಾಲಿದರೆ ಪ್ರತಿಕೂಲ. ಪೆಸಿಫಿಕ್ಕಿನ ಜತೆ ಇದನ್ನೂ ಲೆಕ್ಕಕ್ಕೆ ಹಿಡಿದಾಗಲೇ ತೀವ್ರ ಬರ ಮತ್ತು ಅತಿವೃಷ್ಟಿಯ ವರ್ಷಗಳು ಅರ್ಥವಾಗುತ್ತವೆ.

ಪಾವಗಡದ ಶೇಂಗಾ ಹೊಲಗಳಲ್ಲಿ ಪಿ. ಆರ್. ಶೇಷಗಿರಿ ರಾವ್ ಅವರೊಂದಿಗೆ ಗಾಡ್ಗೀಳ್ ಮಾಡಿದ ಕೆಲಸವನ್ನು ನಾನು ಇವೆಲ್ಲಕ್ಕೆ ಸಮನೆಂದು ಎಣಿಸುತ್ತೇನೆ. ಯಾವಾಗ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಡುವ ಅಪಾಯ ಕಡಿಮೆ ಎಂಬುದು ರೈತರದೇ ಪ್ರಶ್ನೆ. ಹಳೆಯ ಮಳೆ ದಾಖಲೆಯನ್ನೂ ಬೆಳೆಯ ಗಣಕ ಮಾದರಿಯನ್ನೂ ಕೂಡಿಸಿ ಉತ್ತರ ಹುಡುಕಿದರು.

ಗಾಡ್ಗೀಳ್ ತೀರಿಕೊಂಡದ್ದು 2025ರ ಜುಲೈಯಲ್ಲಿ. ಅಷ್ಟರಲ್ಲಿ ದೇಶಕ್ಕೆ ಭೂವಿಜ್ಞಾನ ಸಚಿವಾಲಯ ಬಂದಿತ್ತು, ಮುಂಗಾರು ಮುನ್ಸೂಚನೆಗೆ ದೊಡ್ಡ ಯೋಜನೆಗಳೂ ಬಂದಿದ್ದವು. ಆದರೆ ಕಡಲ ಮಾಹಿತಿಯನ್ನು ರೈತನ ಬಿತ್ತನೆಯವರೆಗೆ ತರುವ ಕೆಲಸ ಮಾತ್ರ ಪಾವಗಡದಾಚೆಗೆ ಸಾಕಷ್ಟು ಹಬ್ಬಲಿಲ್ಲ. ಮಾಗಡಿಯ ರಾಗಿಗೂ ಅವರೆಗೂ ಅವುಗಳದೇ ಲೆಕ್ಕ ಬೇಕು. ಹಡಗು, ತೇಲುಯಂತ್ರ, ಸೂಪರ್ ಕಂಪ್ಯೂಟರಿಗೆ ಹಣ ತೆಗೆದಿಡುವ ಆಡಳಿತಗಾರರು, ಹೊಲದಲ್ಲಿ ನಿಂತು ರೈತರ ಪ್ರಶ್ನೆ ಕೇಳುವ ವಿಜ್ಞಾನಿಗೂ ಕಾಯಂ ಹುದ್ದೆ ತೆಗೆದಿಡಬೇಕು.